ಮೀಟರ್ ಕೊಳ್ಳುವಾಗ ಹೊಸಬರನ್ನು ನೆನೆಯಿರಿ

ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿತು. 2016ರಲ್ಲಿ ಶುರುವಾದ ಈ ಯೋಜನೆಯ ಲ್ಯಾಬ್‌ಗಳು ಈಗಾಗಲೇ ಸಾವಿರಾರು ಶಾಲೆಗಳಲ್ಲಿವೆ. ಇವುಗಳ ಜತೆಗೆ ಎಂಜಿನಿಯರಿಂಗ್ ಕಾಲೇಜುಗಳ ಮೇಕರ್‌ಸ್ಪೇಸ್‌ಗಳಿವೆ, ಬೆಂಗಳೂರಿನ ರಿಪೇರಿ ಕೆಫೆಯಂಥ ಪ್ರಯತ್ನಗಳಿವೆ, ಹವ್ಯಾಸಿಗಳು ಸೇರಿ ನಡೆಸುವ ಕಾರ್ಯಾಗಾರಗಳಿವೆ. ಖರೀದಿ ಪಟ್ಟಿ ಬರೆಯಲು ಕೂತಾಗ ಎಲ್ಲೆಡೆ ಚರ್ಚೆ ಒಂದೇ ಕಡೆ ಸಿಕ್ಕಿಬೀಳುತ್ತದೆ: ವಿದ್ಯುತ್ ಸಂಕೇತದ ಅಲೆ ತೋರಿಸುವ ಆಸಿಲೊಸ್ಕೋಪ್ ಎಷ್ಟು ಮೆಗಾಹರ್ಟ್ಸ್‌ನದು ಬೇಕು? ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹತ್ತಾರು ಜನ ಕೈಯಾಡಿಸುವ ಜಾಗಕ್ಕೆ ಉಪಕರಣ ಆರಿಸುವಾಗ ನೋಡಬೇಕಾದ್ದು ನುರಿತವರ ಆಸೆಯನ್ನಲ್ಲ, ನಿನ್ನೆ ಮೊನ್ನೆ ಸೇರಿದವರು ಮಾಡಬಹುದಾದ ತಪ್ಪನ್ನು.

ಮಲ್ಟಿಮೀಟರನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಡಿಟಿ-830 ಮಾದರಿಯ ಮೀಟರಿನಲ್ಲಿ 10 ಆಂಪಿಯರ್ ಸಾಕೆಟ್ಟಿನ ಪಕ್ಕ, ಇದಕ್ಕೆ ಫ್ಯೂಸ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಯಾರೋ ಕರೆಂಟ್ ಅಳೆದು ಕೆಂಪು ವೈರನ್ನು ಆ ಸಾಕೆಟ್ಟಿನಲ್ಲೇ ಬಿಟ್ಟು ಹೋಗುತ್ತಾರೆ. ಮುಂದೆ ಬಂದವರು ಅದನ್ನು ಗಮನಿಸದೆ 230 ವೋಲ್ಟ್ ಇರುವ ಪ್ಲಗ್ ಪಾಯಿಂಟಿಗೆ ಚುಚ್ಚುತ್ತಾರೆ. ಅಲ್ಲಿಗೆ ಮೀಟರು ನೇರ ಶಾರ್ಟ್ ಸರ್ಕ್ಯೂಟ್. ಒಬ್ಬರೇ ಬಳಸುವ ಮನೆಯಲ್ಲಿ ಇದು ಅಪರೂಪ. ಹಂಚಿಕೊಂಡ ಮೇಜಿನ ಮೇಲೆ ಇವತ್ತಲ್ಲ ನಾಳೆ ಆಗಿಯೇ ಆಗುತ್ತದೆ. ಹಾಗಾಗಿ ಕರೆಂಟ್ ಅಳೆಯುವ ಎರಡೂ ಸಾಕೆಟ್ಟುಗಳಿಗೆ ಎಚ್‌ಆರ್‌ಸಿ (ಭಾರಿ ಕರೆಂಟನ್ನೂ ಸುರಕ್ಷಿತವಾಗಿ ಕಡಿಯುವ) ಫ್ಯೂಸ್ ಇರುವ, ಕ್ಯಾಟ್-3 ಸುರಕ್ಷತಾ ದರ್ಜೆಯ, 600 ವೋಲ್ಟ್ ತಾಳುವ ಮೀಟರೇ ಬೇಕು. ಮೇಲಿನ ಅಚ್ಚನ್ನಷ್ಟೇ ನಂಬುವಂತಿಲ್ಲ, ತಯಾರಕರ ಹೆಸರನ್ನೂ ನೋಡಬೇಕು. ಬಿಡಿ ಫ್ಯೂಸುಗಳನ್ನು ಅದೇ ದಿನ ಕೊಳ್ಳಬೇಕು. ಅಸಲಿ ಫ್ಯೂಸ್ ದುಬಾರಿ. ಅದು ಕೈಗೆ ಸಿಗದಿದ್ದರೆ ಯಾರಾದರೂ ಗಾಜಿನ ಫ್ಯೂಸನ್ನೋ, ಒಂದೆಳೆ ತಾಮ್ರದ ತಂತಿಯನ್ನೋ ಸಿಕ್ಕಿಸಿ ಸುಮ್ಮನಾಗುತ್ತಾರೆ.

ಆಸಿಲೊಸ್ಕೋಪಿನ ಅಪಾಯ ಕಣ್ಣಿಗೆ ಕಾಣದಂಥದ್ದು. ಮೇಜಿನ ಮೇಲಿಡುವ ಸ್ಕೋಪಿನ ಪ್ರೋಬಿಗೆ ಜೋತುಬಿದ್ದಿರುವ ಗ್ರೌಂಡ್ ಕ್ಲಿಪ್ ಒಳಗಿಂದೊಳಗೆ ಗೋಡೆಯ ಅರ್ತ್ ಪಿನ್ನಿಗೆ ಸೇರಿರುತ್ತದೆ. ಟಿ.ವಿ.ಯ ಅಥವಾ ಎಲ್‌ಇಡಿ ಬಲ್ಬಿನ ಒಳಗಿನ ಪವರ್ ಸಪ್ಲೈಯಲ್ಲಿ (ಎಸ್‌ಎಂಪಿಎಸ್) ಮೇನ್ಸ್ ಬದಿಯ ಕೆಪಾಸಿಟರಿನ ಮೇಲೆ ಸುಮಾರು 320 ವೋಲ್ಟ್ ಡಿಸಿ ಕೂತಿರುತ್ತದೆ. ಅದರ ನೆಗೆಟಿವ್ ತುದಿಯೇ ಗ್ರೌಂಡ್ ಎಂದುಕೊಂಡು ಕ್ಲಿಪ್ ಕಚ್ಚಿಸಿದರೆ ಢಂ! ಇದಕ್ಕೆ ನಮ್ಮಲ್ಲಿ ಬಳಕೆಯಲ್ಲಿರುವ ‘ಪರಿಹಾರ’ ಇನ್ನೂ ಕೆಟ್ಟದ್ದು: ಸ್ಕೋಪಿನ ಪ್ಲಗ್ಗಿನ ಅರ್ತ್ ಕಿತ್ತುಹಾಕುವುದು. ಆಗ ಸ್ಫೋಟ ತಪ್ಪುತ್ತದೆ, ಸ್ಕೋಪಿನ ಮೈಗೇ ಕರೆಂಟ್ ಬರುತ್ತದೆ. ಮೇನ್ಸ್ ಬದಿಯ ರಿಪೇರಿ ನಡೆಯುವ ಕಾರ್ಯಾಗಾರವಾದರೆ ಹೆಚ್ಚಿನ ಮೆಗಾಹರ್ಟ್ಸಿಗೆ ಸುರಿಯುವ ಹಣದಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನೋ ಡಿಫರೆನ್ಷಿಯಲ್ ಪ್ರೋಬನ್ನೋ ಕೊಳ್ಳಲಿ. ಇಲ್ಲವೆಂದರೆ ಆ ಕೆಲಸ ಇಲ್ಲಿ ಮಾಡುವಂತಿಲ್ಲ ಎಂದು ಬೋರ್ಡ್ ಹಾಕಲಿ. ಶಾರ್ಟ್ ಆದರೆ ಕರೆಂಟಿಗೆ ಮಿತಿ ಹಾಕುವ, ರಿಪೇರಿ ಅಂಗಡಿಗಳ ಹಳೆಯ ಸೀರೀಸ್ ಬಲ್ಬ್ ಕೂಡ ಮೇಜಿನ ಮೇಲಿರಲಿ. ಅಷ್ಟು ಅಗ್ಗದಲ್ಲಿ ಅಷ್ಟು ಕೆಲಸಕ್ಕೆ ಬರುವ ಸಾಧನ ಇನ್ನೊಂದಿಲ್ಲ.

ಮೆಗಾಹರ್ಟ್ಸಿನ ವಿಷಯ ಬೇಗ ಮುಗಿಯುತ್ತದೆ. ಆರ್ಡುಯಿನೊ ಉನೊ ಬೋರ್ಡಿನ ಗಡಿಯಾರ 16 ಮೆಗಾಹರ್ಟ್ಸ್. ಆದರೆ ಕಲಿಯುವವರು ನೋಡುವುದು ಆ ಗಡಿಯಾರವನ್ನಲ್ಲ. 490 ಹರ್ಟ್ಸಿನ ಪಿಡಬ್ಲ್ಯುಎಂ, 100 ಕಿಲೋಹರ್ಟ್ಸಿನ ಐ2ಸಿ, 9,600 ಬಾಡ್‌ನ ಸೀರಿಯಲ್ ಸಂಕೇತ. ಇದಕ್ಕೆ 50 ಮೆಗಾಹರ್ಟ್ಸಿನ ಸ್ಕೋಪ್ ಧಾರಾಳವಾಯಿತು. ಜತೆಗೆ ಎಂಟು ಚಾನೆಲ್ಲಿನ ಅಗ್ಗದ ಲಾಜಿಕ್ ಅನಲೈಸರ್, ಉಚಿತ ಸಿಗ್‌ರಾಕ್ ತಂತ್ರಾಂಶ ಇದ್ದರೆ ಡಿಜಿಟಲ್ ಕೆಲಸದ ಬಹುಭಾಗ ಸಾಗುತ್ತದೆ.

ದಿನವೂ ಜನ ಕಾಯುವುದು ಸ್ಕೋಪಿಗಾಗಿ ಅಲ್ಲ, ಪವರ್ ಸಪ್ಲೈಗಾಗಿ. ಕರೆಂಟ್ ಮಿತಿ ಹಾಕಬಹುದಾದ, 30 ವೋಲ್ಟ್ 3 ಆಂಪಿಯರಿನ ಸಾಧಾರಣ ಸಪ್ಲೈಗಳು ನಾಲ್ಕಿರಲಿ, ನಾಲ್ಕೂ ಒಂದೇ ಮಾದರಿಯವು. ಕಲಿಸುವುದು ಸುಲಭ, ಕೆಟ್ಟ ಒಂದರ ಬಿಡಿಭಾಗ ಇನ್ನೊಂದಕ್ಕೆ ಆಗುತ್ತದೆ. ಟೆಂಡರಿನಲ್ಲಿ ಇಂಥದ್ದನ್ನು ಹೇಳುವುದು ಕಷ್ಟವೇನೋ ನಿಜ. ಸ್ಕೋಪಿನ ಮೆಗಾಹರ್ಟ್ಸಿಗೆ ಒಂದು ಅಂಕಿ ಇದೆ, ಸಾವಿರ ಸಲ ತಿರುಗಿಸಿದರೂ ಸಡಿಲವಾಗದ ನಾಬಿಗೆ ಇಲ್ಲ. ಕಡಿಮೆ ದರದವರಿಗೇ ಆದೇಶ ಎಂಬ ನಿಯಮ ಅಂಕಿಯನ್ನಷ್ಟೇ ನೋಡುತ್ತದೆ.

ಕ್ಯಾಲಿಬ್ರೇಷನ್ ಕುರಿತೂ ಅನಗತ್ಯ ಭಯವಿದೆ. ಎಲ್ಲ ಮೀಟರುಗಳನ್ನೂ ವರ್ಷಕ್ಕೊಮ್ಮೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸುವುದು ಇಂಥ ಜಾಗಕ್ಕೆ ದುಂದು. ಒಂದು ಒಳ್ಳೆಯ ಮೀಟರನ್ನು ಬೀರುವಿನಲ್ಲಿಟ್ಟು ಅದನ್ನು ಮಾತ್ರ ಪರೀಕ್ಷೆಗೆ ಕಳಿಸಿ, ಉಳಿದವನ್ನು ಅದರೊಂದಿಗೆ ತಾಳೆ ನೋಡಿದರೆ ಸಾಕು. ಕಂಪನಿಗಳು ದಾನ ಕೊಡುವ, ಪಿಕ್ಚರ್ ಟ್ಯೂಬಿನ ಹಳೆಯ ಆಸಿಲೊಸ್ಕೋಪುಗಳಾದ ಸಿಆರ್‌ಒಗಳೂ ಅಷ್ಟೆ. ಒಂದನ್ನು ಸಂತೋಷದಿಂದ ಪಡೆಯಿರಿ, ಆರನ್ನು ಬೇಡವೆನ್ನಿ. ಜಾಗ ತಿನ್ನುವುದರ ಜತೆಗೆ ಅವಕ್ಕೆ ಬಿಡಿಭಾಗ ಹುಡುಕುವುದೇ ಒಂದು ಉದ್ಯೋಗವಾಗುತ್ತದೆ.

ಅಟಲ್ ಲ್ಯಾಬ್ ಯೋಜನೆಯ ಆರಂಭದ ಲೆಕ್ಕದಲ್ಲಿ ಒಂದು ವಿವೇಕವಿತ್ತು: 20 ಲಕ್ಷ ರೂಪಾಯಿಯಲ್ಲಿ 10 ಲಕ್ಷ ಸ್ಥಾಪನೆಗೆ, 10 ಲಕ್ಷ ಐದು ವರ್ಷ ನಡೆಸುವುದಕ್ಕೆ. ಉಳಿದ ಕಾರ್ಯಾಗಾರಗಳೂ ಇದನ್ನು ಅನುಸರಿಸಬಹುದು. ಖರೀದಿ ಸಮಿತಿಗಳಲ್ಲಿ ಒಂದು ಕೋರಿಕೆ: ಪ್ರೋಬು, ಫ್ಯೂಸು, ವೈರುಗಳಿಗೆ ಪಟ್ಟಿಯಲ್ಲಿ ಪ್ರತ್ಯೇಕ ಸಾಲು ಬರೆಯಿರಿ. ಅದರ ಮುಂದೆ, ವಾರಕ್ಕೊಮ್ಮೆ ಅವುಗಳನ್ನು ಪರೀಕ್ಷಿಸುವವರ ಹೆಸರನ್ನೂ ಬರೆಯಿರಿ. ಆ ಹೆಸರು ಸಿಗುವವರೆಗೆ ಸ್ಕೋಪಿನ ಆರ್ಡರ್ ತಡೆಹಿಡಿಯಿರಿ.