ಎರಡನೆಯ ಕೀಲಿಕೈ ಎಲ್ಲಿದೆ?

ಈ ತಿಂಗಳು ಅಡುಗೆಮನೆಯ ಮಾತನ್ನೂ ಮಕ್ಕಳ ಓದಿನ ಮಾತನ್ನೂ ಬದಿಗಿಟ್ಟು ಒಂದು ಕೀಲಿಕೈಯ ಬಗ್ಗೆ ಬರೆಯುತ್ತಿದ್ದೇನೆ. ಕಾರಿನ ಕೀಲಿಕೈ. "ಅದು ಗಂಡಸರ ವ್ಯವಹಾರ, ನಮಗೇಕೆ?" ಎಂದು ಪುಟ ತಿರುಗಿಸಬೇಡಿ. ನನ್ನ ತಂಗಿಯೂ ಹಾಗೆಯೇ ತಿಳಿದಿದ್ದಳು.

ತಂಗಿಯದು ಜೋಯಿಡಾ ತಾಲೂಕಿನ ಒಂದು ಹಳ್ಳಿ. ಅವಳ ಗಂಡ ಶಾಲಾ ಶಿಕ್ಷಕ. ಮನೆಯಲ್ಲಿ ವಯಸ್ಸಾದ ಮಾವ, ಇಬ್ಬರು ಮಕ್ಕಳು. ಮೂರು ವರ್ಷಗಳ ಹಿಂದೆ ಮುಂಡಗೋಡದ ಪರಿಚಯಸ್ಥರೊಬ್ಬರಿಂದ ಒಂದು ಹಳೆಯ ಸಣ್ಣ ಕಾರನ್ನು ಕೊಂಡರು. ಶಿರಸಿ ನೋಂದಣಿಯ ಕೆಎ-31 ಗಾಡಿ. ಹಣ ಎಣಿಸಿ ಕೊಟ್ಟದ್ದಾಯಿತು, ಚಹಾ ಕುಡಿದದ್ದಾಯಿತು, ಒಂದು ಕೀಲಿಕೈ ಕೈಗೆ ಬಂತು. "ಇನ್ನೊಂದು ಚಾವಿ ಮನೆಯಲ್ಲಿ ಎಲ್ಲೋ ಇದೆ. ಸಿಕ್ಕ ಕೂಡಲೇ ಕಳಿಸುತ್ತೇನೆ" ಎಂದರು ಮಾರಿದವರು. ಅದು ಸಿಗಲೂ ಇಲ್ಲ, ಬರಲೂ ಇಲ್ಲ.

ಕೆಲವು ತಿಂಗಳ ನಂತರ ತಂಗಿಯ ಗಂಡ ಹಳಿಯಾಳಕ್ಕೆ ಬಂದಿದ್ದಾಗ ರಸ್ತೆ ಬದಿಯಲ್ಲಿ ಕೀಲಿಕೈ ಮಾಡಿಕೊಡುವವರ ಹತ್ತಿರ ಒಂದು ನಕಲಿ ಮಾಡಿಸಿಕೊಂಡರು. ಆ ಮನುಷ್ಯ ಪ್ರಾಮಾಣಿಕ. "ಸರ್, ಇದು ಬಾಗಿಲು ತೆಗೆಯೋದಕ್ಕಷ್ಟೇ. ಇದರಿಂದ ಗಾಡಿ ಚಾಲೂ ಆಗೋದಿಲ್ಲ. ಅಸಲಿ ಚಾವಿಯ ತಲೆಯಲ್ಲಿ ಚಿಪ್ ಇರ್ತದೆ" ಎಂದು ಹೇಳಿಯೇ ಕೊಟ್ಟಿದ್ದರು. ಒಳಗೆ ಕೀ ಮರೆತು ಬಾಗಿಲು ಹಾಕಿಕೊಂಡರೆ ಉಪಯೋಗಕ್ಕೆ ಬಂದೀತೆಂದು ಅವರು ಅದನ್ನು ತಂದು ಕಪಾಟಿನಲ್ಲಿಟ್ಟರು. ಹೆಂಡತಿಗೆ ಹೇಳಿದ್ದು ಇಷ್ಟೇ: "ಕಾರಿನ ಇನ್ನೊಂದು ಚಾವಿ ಕಪಾಟಿನಲ್ಲಿದೆ."

ತಂಗಿ ದಾಂಡೇಲಿಯಲ್ಲಿ ಡ್ರೈವಿಂಗ್ ಕಲಿತವಳು. ಲೈಸೆನ್ಸೂ ಇದೆ. ಗಂಡ ಊರಲ್ಲಿಲ್ಲದಾಗ ಬೇಕಾದರೆ ಕಪಾಟಿನಲ್ಲಿ ಕೀ ಇದೆ ಎಂಬ ಧೈರ್ಯದಲ್ಲಿದ್ದಳು.

ಆಷಾಢದ ಮಳೆಯ ಒಂದು ರಾತ್ರಿ ಮಾವನಿಗೆ ಉಸಿರಾಟದ ತೊಂದರೆ ಶುರುವಾಯಿತು. ಗಂಡ ತರಬೇತಿಗೆಂದು ಕಾರವಾರಕ್ಕೆ ಬಸ್ಸಿನಲ್ಲಿ ಹೋಗಿದ್ದರು. ಕಾರು ಅಂಗಳದಲ್ಲೇ ಇತ್ತು, ಅದರ ಅಸಲಿ ಕೀ ಮಾತ್ರ ಅವರ ಪ್ಯಾಂಟಿನ ಕಿಸೆಯಲ್ಲಿ ಘಟ್ಟ ಇಳಿದು ಹೋಗಿತ್ತು. ಕರೆಂಟಿಲ್ಲ, ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ತಂಗಿ ಕಪಾಟಿನ ಕೀ ತೆಗೆದುಕೊಂಡು ಓಡಿದಳು. ಬಾಗಿಲು ತೆರೆಯಿತು. ಮಾವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮಕ್ಕಳನ್ನೂ ಹತ್ತಿಸಿಕೊಂಡು ಕೀ ತಿರುಗಿಸಿದಳು. ಎಂಜಿನ್ ಗುರ್ ಎಂದು ಎರಡು ಕ್ಷಣ ಓಡಿ ನಿಂತುಬಿಟ್ಟಿತು. ಮತ್ತೆ ತಿರುಗಿಸಿದಳು, ಮತ್ತೆ ನಿಂತಿತು. ಎದುರಿನ ಫಲಕದಲ್ಲಿ ಒಂದು ಚಿಕ್ಕ ದೀಪ ಮಿನುಗುತ್ತಿತ್ತು. ಹಿಂದಿನಿಂದ ಮಾವನ ಏದುಸಿರು ಕೇಳುತ್ತಿತ್ತು.

ಕೊನೆಗೆ ಮಳೆಯಲ್ಲೇ ಓಡಿ, ಗಡ್ಡೆ-ಗೆಣಸು ಸಾಗಿಸುವ ಪಿಕಪ್ ಇಟ್ಟುಕೊಂಡಿದ್ದ ನೆರೆಯ ಕುಣಬಿ ಅಣ್ಣನನ್ನು ಎಬ್ಬಿಸಿದಳು. ಆ ಪುಣ್ಯಾತ್ಮ ಒಂದು ಮಾತೂ ಕೇಳದೆ ಗಾಡಿ ತೆಗೆದರು. ಕಾಡಿನ ದಾರಿಯಲ್ಲಿ ದಾಂಡೇಲಿಯ ಆಸ್ಪತ್ರೆ ತಲುಪಿದರು. ಆಮ್ಲಜನಕ ಕೊಟ್ಟ ಮೇಲೆ ಬೆಳಗಿನ ಹೊತ್ತಿಗೆ ಮಾವನ ಉಸಿರು ಹದಕ್ಕೆ ಬಂತು. ಅಲ್ಲಾಹನಿಗೆ ಸ್ತುತಿ.

ಮರುದಿನ ನಾನು ಹಳಿಯಾಳದಿಂದ ಆಸ್ಪತ್ರೆಗೆ ಹೋದಾಗ ತಂಗಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಆಪಾ, ಗಾಡಿ ಕೆಟ್ಟಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಗಾಡಿ ಚೆನ್ನಾಗಿಯೇ ಇತ್ತು. ನನ್ನ ಕೈಯಲ್ಲಿದ್ದ ಚಾವಿಯನ್ನು ಅದು ಗುರುತಿಸಲೇ ಇಲ್ಲ."

ಅವಳು ಹೇಳಿದ್ದು ಅಕ್ಷರಶಃ ನಿಜ. ಹಿಂದಿನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಿಗೆ ಕೀಲಿಕೈ ಎಂದರೆ ಬರೀ ಲೋಹದ ತುಂಡು. ಹಲ್ಲು ಸರಿಯಾಗಿ ಕೊರೆದರೆ ಸಾಕು, ಗಾಡಿ ಓಡುತ್ತಿತ್ತು. ಕಳ್ಳನಿಗೂ ಅಷ್ಟೇ ಸುಲಭ. ಕಾರುಗಳ್ಳತನ ವಿಪರೀತವಾದಾಗ 1990ರ ದಶಕದಲ್ಲಿ ಇಮೊಬಿಲೈಸರ್ ಎಂಬ ವ್ಯವಸ್ಥೆ ಬಳಕೆಗೆ ಬಂತು. ಯುರೋಪ್ ಒಕ್ಕೂಟದಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಅದು ಕಡ್ಡಾಯವಾಯಿತು. ನಮ್ಮಲ್ಲೂ 2005ರಲ್ಲಿ ಬಂದ ಮಾರುತಿ ಸ್ವಿಫ್ಟ್‌ನಂಥ ಕಾರುಗಳಲ್ಲಿ ಇದು ಇತ್ತು. ಆ ಕಾಲದ ಕಾರುಗಳೇ ಇಂದು ಕೈಯಿಂದ ಕೈಗೆ ದಾಟಿ ನಮ್ಮಂಥವರ ಅಂಗಳಕ್ಕೆ ಬರುತ್ತಿವೆ.

ಅದರ ಕೆಲಸ ಹೀಗೆ. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ನಳಿಗೆಯೋ ಕಪ್ಪು ತುಂಡೋ ಇರುತ್ತದೆ. ಅದೇ ಚಿಪ್. ಕೀ ತೂರಿಸುವ ಜಾಗದ ಸುತ್ತ ತಾಮ್ರದ ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಆ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನ ರೇಡಿಯೋ ಅಲೆ ಹೊರಡಿಸುತ್ತದೆ. ಚಿಪ್ ಅದರಿಂದಲೇ ಶಕ್ತಿ ಪಡೆದು ತನ್ನ ಗುಟ್ಟಿನ ಸಂಖ್ಯೆಯನ್ನು ಹೇಳುತ್ತದೆ. ಕಾರಿನ ಕಂಪ್ಯೂಟರ್ ಅದನ್ನು ತನ್ನ ಪಟ್ಟಿಯಲ್ಲಿ ನೋಡಿ, ಇದ್ದರೆ ಮಾತ್ರ ಎಂಜಿನ್ ಓಡಲು ಬಿಡುತ್ತದೆ. ಇಲ್ಲದಿದ್ದರೆ ಇಂಧನವನ್ನೋ ಕಿಡಿಯನ್ನೋ ತಡೆಯುತ್ತದೆ. ತಂಗಿಯ ಕಾರು ಎರಡು ಕ್ಷಣ ಓಡಿ ನಿಂತದ್ದು ಇದೇ ಕಾರಣಕ್ಕೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಬಾಗಿಲು ತೆರೆಯುವ ಗುಂಡಿ ಇರುವ ಕೀಯಲ್ಲಿ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಅದು ಆ ಗುಂಡಿಗಾಗಿ. ಬ್ಯಾಟರಿ ಮುಗಿದರೆ ಗುಂಡಿ ಕೆಲಸ ಮಾಡುವುದಿಲ್ಲ, ಆದರೆ ಇಂಥ ಹಳೆಯ ಕಾರುಗಳಲ್ಲಿ ಕೀ ಹಾಕಿ ತಿರುಗಿಸಿದರೆ ಎಂಜಿನ್ ಶುರುವಾಗುತ್ತದೆ. ಚಿಪ್‌ಗೆ ಬ್ಯಾಟರಿ ಬೇಡ. ಹಾಗೆಯೇ ಕೀಯ ಪ್ಲಾಸ್ಟಿಕ್ ತಲೆ ಒಡೆದರೆ ಹೊಸ ಕವಚ ಹಾಕಿಸಬಹುದು, ಆದರೆ ಹಳೆಯದರೊಳಗಿನ ಚಿಪ್ಪನ್ನು ಹೊಸದಕ್ಕೆ ಸೇರಿಸಲೇಬೇಕು. ಕವಚ ಬಿಚ್ಚುವಾಗ ಅದು ಕೆಳಗೆ ಬಿದ್ದು ಕಸದೊಂದಿಗೆ ಗುಡಿಸಿಹೋದರೆ ಕಾರು ನಿಂತಲ್ಲೇ ನಿಂತಂತೆ.

ತಂಗಿಯ ಗಂಡ ಕಾರವಾರದಿಂದ ಓಡಿಬಂದರು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತು, "ಅದು ಬಾಗಿಲಿಗೆ ಮಾತ್ರ ಅಂತ ನನಗೆ ಗೊತ್ತಿತ್ತು. ನಿನಗೆ ಹೇಳಬೇಕು ಅಂತ ಅನ್ನಿಸಲೇ ಇಲ್ಲ" ಎಂದರು. ತಂಗಿ ಜಗಳವಾಡಲಿಲ್ಲ. "ಅಬ್ಬಾ ಮನೆಗೆ ಬಂದ ಮೇಲೆ ಮೊದಲ ಕೆಲಸ ಅದೇ" ಎಂದಳು.

ಮೊದಲ ಕೆಲಸ ಎಂದುಕೊಂಡದ್ದು ಎರಡು ತಿಂಗಳು ಹಿಡಿಯಿತು. ಹುಬ್ಬಳ್ಳಿಯ ಅಧಿಕೃತ ಸರ್ವಿಸ್ ಸೆಂಟರ್ ಒಂದಕ್ಕೆ ಹೋದಾಗ ಮೊದಲು ಕೇಳಿದ್ದು ಆರ್‌ಸಿ ಮತ್ತು ಗುರುತಿನ ಚೀಟಿ. ಆರ್‌ಸಿಯಲ್ಲಿ ಇನ್ನೂ ಮುಂಡಗೋಡದವರ ಹೆಸರೇ ಇತ್ತು! ಮಾಲೀಕರಲ್ಲದವರಿಗೆ ಕೀಲಿಕೈ ಮಾಡಿಕೊಡಲು ಒಪ್ಪಲಿಲ್ಲ. ಅವರು ಮಾಡಿದ್ದು ಸರಿಯೇ ತಾನೆ? ನಮ್ಮ ಕಾರಿಗೆ ಬೇರೆ ಯಾರೋ ಹೋಗಿ ಕೀ ಕೇಳಿದರೆ ಕೊಡಬೇಕೆ? ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಡಿ ಕೊಂಡವರು 30 ದಿನಗಳೊಳಗೆ ವರ್ಗಾವಣೆಯನ್ನು ತಿಳಿಸಬೇಕು. ಫಾರ್ಮ್ 29 ಮತ್ತು 30ಕ್ಕೆ ಮಾರಿದವರ ಸಹಿ ಬೇಕು. ಮೂರು ವರ್ಷ ಸುಮ್ಮನಿದ್ದವರು ಈಗ ಮುಂಡಗೋಡಕ್ಕೆ ಹೋಗಿ ಸಹಿ ಹಾಕಿಸಿ, ದಾಂಡೇಲಿಯ ಸಾರಿಗೆ ಕಚೇರಿಗೆ ಓಡಾಡಿ, ದಂಡ ಕಟ್ಟಿ ಹೆಸರು ಬದಲಿಸಿಕೊಂಡರು. ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಂಡರು. ನಂತರವೇ ಕೀಲಿಕೈಗೆ ಆರ್ಡರ್ ಕೊಟ್ಟದ್ದು.

ಕೀ ಮಾಡಿಸುವುದರಲ್ಲಿ ಎರಡು ಹಂತಗಳಿವೆ. ಮೊದಲನೆಯದು ಹಲ್ಲು ಕೊರೆಯುವುದು. ಎರಡನೆಯದು ಚಿಪ್ಪನ್ನು ಕಾರಿಗೆ ಪರಿಚಯಿಸುವುದು. ಇದಕ್ಕೆ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಒಂದು ಯಂತ್ರ ಜೋಡಿಸುತ್ತಾರೆ. ಆದ್ದರಿಂದ ಸಾಮಾನ್ಯವಾಗಿ ಕಾರನ್ನೇ ಕೊಂಡೊಯ್ಯಬೇಕು. ಮನೆಯಲ್ಲಿರುವ ಎಲ್ಲ ಚಿಪ್ ಕೀಗಳನ್ನೂ ಒಯ್ಯಿರಿ. ಅನೇಕ ಕಾರುಗಳಲ್ಲಿ ಹೊಸ ಪಟ್ಟಿ ಮಾಡುವಾಗ ಹಳೆಯದು ಅಳಿಸಿಹೋಗುತ್ತದೆ, ಆ ದಿನ ಎದುರಿಗಿದ್ದ ಕೀಗಳಷ್ಟೇ ದಾಖಲಾಗುತ್ತವೆ. ಕೀ ಕಳೆದಿದ್ದರೆ ಇದೇ ಒಂದು ಅನುಕೂಲ ಕೂಡ: ಕಳೆದುಹೋದದ್ದನ್ನು ಪಟ್ಟಿಯಿಂದ ತೆಗೆಸಬಹುದು. ಆಗ ಅದು ಯಾರಿಗೆ ಸಿಕ್ಕರೂ ಅದರಿಂದ ಎಂಜಿನ್ ಓಡದು. ಕಳೆದುಹೋದಾಗ ಪೊಲೀಸ್ ಠಾಣೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಮುಂದೆ ಕಾರು ಕಳವಾದರೆ ವಿಮಾ ಕಂಪನಿ ಎಲ್ಲ ಕೀಗಳನ್ನೂ ಕೇಳುತ್ತದೆ. ಆಗ ಒಂದೇ ಇದ್ದರೆ ಇನ್ನೊಂದರ ಲೆಕ್ಕ ಕೊಡಬೇಕಾಗುತ್ತದೆ.

ಕೆಲವು ಹೊರಗಿನ ಪರಿಣತರೂ ಹಳೆಯ ಕಾರುಗಳ ಚಿಪ್ಪನ್ನು ನಕಲು ಮಾಡಿಕೊಡುತ್ತಾರೆ. ಖರ್ಚು ಕಡಿಮೆಯಾಗಬಹುದು. ಆದರೆ ಅಂಗಡಿ ಗುರುತಿನದಾಗಿರಲಿ, ರಸೀದಿ ಕೊಡಲಿ, ಕೆಲಸ ನಮ್ಮ ಕಣ್ಣೆದುರೇ ನಡೆಯಲಿ. ಯಾಕೆಂದರೆ ನಕಲು ಮಾಡಬಲ್ಲವರು ಎರಡನ್ನೂ ಮಾಡಬಲ್ಲರು.

ಇದೆಲ್ಲ ಒಂದು ಕೀ ಕೈಯಲ್ಲಿರುವವರ ಮಾತು. ಇರುವ ಒಂದೂ ಕಳೆದುಹೋದರೆ? ಕಾರು ತಾನಾಗಿ ಹುಬ್ಬಳ್ಳಿಗೆ ಹೋಗುವುದಿಲ್ಲ. ಜೋಯಿಡಾದ ಕಾಡುದಾರಿಯಿಂದ ಅದನ್ನು ಎಳೆಸಿಕೊಂಡು ಹೋಗಬೇಕು, ಇಲ್ಲವೇ ಯಂತ್ರದೊಂದಿಗೆ ಜನರನ್ನು ಕರೆಸಬೇಕು. ಕೆಲವು ಕಾರುಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆಯನ್ನೇ ಬದಲಾಯಿಸಬೇಕಾಗಬಹುದು. ಒಂದು ಕೀ ಇದ್ದಾಗ ಎರಡನೆಯದನ್ನು ಮಾಡಿಸುವ ಖರ್ಚಿಗೂ, ಒಂದೂ ಇಲ್ಲದಾಗ ಆಗುವ ಖರ್ಚಿಗೂ ಅಜಗಜಾಂತರ.

ಆದ್ದರಿಂದ ಹಳೆಯ ಕಾರು ಕೊಳ್ಳುವ ಮಾತು ಮನೆಯಲ್ಲಿ ಬಂದಾಗ ಸುಮ್ಮನಿರಬೇಡಿ. ಬಣ್ಣ, ಸೀಟು ನೋಡುವ ಮೊದಲೇ "ಎರಡೂ ಕೀ ಇವೆಯೇ?" ಎಂದು ಕೇಳಿ. ಎರಡರಿಂದಲೂ ಎಂಜಿನ್ ಶುರುಮಾಡಿಸಿ ನೋಡಿ. ಹೊಸ ಕಾರಿನೊಂದಿಗೆ ಬಂದಿದ್ದ ಕೀ ನಂಬರಿನ ಬಿಲ್ಲೆ ಇದ್ದರೆ ಕೇಳಿ ಪಡೆಯಿರಿ. ಅದನ್ನು ಕಾರಿನೊಳಗೆ ಇಡಬೇಡಿ, ಮನೆಯ ಕಾಗದಪತ್ರಗಳ ಜೊತೆ ಇಡಿ. ಎರಡು ಕೀ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಹಣ ಕೈ ಬದಲಿಸಿದ ಮೇಲೆ ಬರುವ "ಕಳಿಸುತ್ತೇನೆ" ಎಂಬ ಮಾತಿಗೆ ಬೆಲೆ ಕಡಿಮೆ.

ಕಳೆದ ತಿಂಗಳು ತಂಗಿಯ ಮನೆಗೆ ಹೋಗಿದ್ದೆ. ಅಡುಗೆಮನೆಯ ಬಾಗಿಲ ಪಕ್ಕ ಒಂದು ಮೊಳೆ, ಅದರಲ್ಲಿ ಕೆಂಪು ದಾರ ಕಟ್ಟಿದ ಹೊಸ ಕೀ. ಆ ಬಾಗಿಲ ಕೀ ಏನಾಯಿತೆಂದು ಕೇಳಿದೆ. ಕಪಾಟಿನಲ್ಲೇ ಇದೆಯಂತೆ, ಆದರೆ ಅದರ ಮೇಲೆ "ಬಾಗಿಲಿಗೆ ಮಾತ್ರ" ಎಂದು ಚೀಟಿ ಅಂಟಿಸಿದ್ದಾಳೆ. ಪ್ರತಿ ಶುಕ್ರವಾರ ಬೆಳಗ್ಗೆ ತನ್ನ ಕೀಯಿಂದಲೇ ಕಾರು ಶುರುಮಾಡಿ ಊರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುತ್ತಾಳೆ. ಕೀಯೂ ಪರೀಕ್ಷೆಯಾಯಿತು, ಕೈಗೂ ರೂಢಿ ಉಳಿಯಿತು.

ಜಗಲಿಯಲ್ಲಿ ಕೂತಿದ್ದ ಮಾವ ನಕ್ಕು ಹೇಳಿದರು: "ಈಗ ಮಗ ಯಾವ ಊರಿಗೆ ಬೇಕಾದರೂ ಹೋಗಲಿ ಬೇಟಿ, ನನಗೆ ನಿದ್ದೆ ಬರ್ತದೆ."

ಸಹೋದರಿಯರೇ, ಈ ಪುಟ ಓದಿ ಮುಗಿಸಿದ ಮೇಲೆ ಎದ್ದುಹೋಗಿ ನಿಮ್ಮ ಮನೆಯ ಎರಡನೆಯ ಕೀಲಿಕೈ ಎಲ್ಲಿದೆ ಎಂದು ನೋಡಿ. ಸಿಕ್ಕಿತೆಂದು ಸಮಾಧಾನಪಟ್ಟು ಮತ್ತೆ ಕಪಾಟಿಗೆ ಹಾಕಬೇಡಿ. ಅದರಿಂದ ಕಾರು ಶುರುವಾಗುತ್ತದೆಯೇ ಎಂದು ಇವತ್ತೇ ತಿರುಗಿಸಿ ನೋಡಿ.