ವೆನೀರ್ ಹಾಕಿಸುವ ಮುಂಚೆ ಹಲ್ಲು ಎಷ್ಟು ತೇಯ್ತಾರೆ ಅಂತ ಕೇಳಿ

ನಿಕಾಹ್ ದಿನ ಗೊತ್ತಾದ ಕೂಡಲೇ ಹಲ್ಲಿಗೆ ಸೆರಾಮಿಕ್ ವೆನೀರ್ ಹಾಕಿಸುವ ಮಾತು ಈಗ ನಮ್ಮ ಮನೆಗಳಲ್ಲೂ ಬರುತ್ತಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆ ನೆಲೆಸಿದವರಿಗೆ ಇನ್ನೊಂದು ಕಾರಣವೂ ಇರಬಹುದು. ಮಂಡ್ಯ ಜಿಲ್ಲೆಯ ಕೆಲವೆಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದ ಹಲ್ಲಿಗೆ ಕಂದು ಕಲೆ. ಹಾಕಿಸಲೇಬೇಡಿ ಎನ್ನುವುದಿಲ್ಲ. ಆದರೆ ನಾವು ಕೇಳೋದು ರೇಟು, ಕಂಪೆನಿ ಹೆಸರು ಎರಡನ್ನೇ. ಬಾಳಿಕೆ ಮುಖ್ಯವಾಗಿ ನಿಂತಿರುವುದು ಹಲ್ಲನ್ನು ಹೇಗೆ ತೇದರು ಎಂಬುದರ ಮೇಲೆ.

ವೆನೀರ್ ಅಂದರೆ ಅರ್ಧ ಮಿಲಿಮೀಟರ್ ಆಸುಪಾಸಿನ, ಗಾಜಿನಂಥ ಚಿಪ್ಪು. ಎನಾಮಲ್‌ಗೆ ಅಂಟಿದ ಮೇಲೆಯೇ ಅದಕ್ಕೆ ಬಲ. ಒಸಡಿನ ಹತ್ತಿರ ಎನಾಮಲ್ ಇರುವುದೇ 0.3–0.4 ಮಿ.ಮೀ. ಅದನ್ನೂ ದಾಟಿ ಡೆಂಟಿನ್‌ವರೆಗೆ ತೇದರೆ ಅಂಟು ಅಷ್ಟು ಗಟ್ಟಿ ಹಿಡಿಯುವುದಿಲ್ಲ. ಡೆಂಟಿನ್ ಮೆದು, ಕಚ್ಚಿದಾಗ ಅದು ಬಾಗಿದರೆ ಮೇಲಿನ ಚಿಪ್ಪು ಬಿರುಕು ಬಿಡುತ್ತದೆ. ಚೂಪು ಮೂಲೆ ಉಳಿದರೂ ಬಿರುಕು ಅಲ್ಲಿಂದಲೇ ಶುರು. ಕಚ್ಚುವ ಅಂಚನ್ನು ತಗ್ಗಿಸಲೇಬೇಕಾದರೆ ಚಪ್ಪಟೆಯಾಗಿ ತಗ್ಗಿಸುವುದೇ ನನಗೆ ಸರಿ ಕಾಣುತ್ತದೆ. ಚಿಪ್ಪನ್ನು ಹಲ್ಲಿನ ಹಿಂಬದಿಗೆ ಉದ್ದಕ್ಕೆ ಇಳಿಸಿದರೆ ಆ ತೆಳು ತುದಿಗೇ ಅಪಾಯ.

ತೇದ ಎನಾಮಲ್ ಮತ್ತೆ ಬೆಳೆಯೋದಿಲ್ಲ. ಕಲೆ ತೆಳುವಾಗಿದ್ದರೆ ಬ್ಲೀಚಿಂಗಲ್ಲೇ ಮುಗಿಯಬಹುದು, ಅದನ್ನು ಮೊದಲು ವಿಚಾರಿಸಿ. ಮೈಸೂರಿನ ಫಾರೂಕಿಯಾ, ಜೆಎಸ್‌ಎಸ್ ಡೆಂಟಲ್ ಕಾಲೇಜುಗಳು ದೂರವೇನಲ್ಲ. ಹಲ್ಲಿನ ಮೇಲೆ ಹೊಸ ಆಕಾರದ ತಾತ್ಕಾಲಿಕ ಅಚ್ಚು ಕೂರಿಸಿ, ಅದರ ಮೇಲಿಂದಲೇ ಅಳತೆ ಹಿಡಿದು ತೇಯುವ ಪದ್ಧತಿ ಇದೆ. ಹಾಗೆ ಮಾಡಿದರೆ ಬೇಕಾದಷ್ಟೇ ಹೋಗುತ್ತದೆ. ಅದಕ್ಕೆ ಎರಡು ಮೂರು ಸಲ ಹೋಗಬೇಕಾಗುತ್ತೆ. ನಿಕಾಹ್‌ಗೆ ವಾರ ಉಳಿದಿರುವಾಗ ಓಡುವ ಕೆಲಸ ಇದಲ್ಲ.