ಶಾಸನದ ತಿಥಿ, ಗಣಕದ ಎಣಿಕೆ

ಶಾಸನಗಳ ಕಾಲೋಲ್ಲೇಖವನ್ನು ಅಂತರಜಾಲಕ್ಕೆ ಅಳವಡಿಸುವಾಗ ಶಕವರ್ಷಕ್ಕೆ 78 ಕೂಡಿಸಿ, ಉಳಿದುದನ್ನು ಜಾವಾಸ್ಕ್ರಿಪ್ಟಿನ ದಿನಾಂಕ ಸೌಲಭ್ಯಕ್ಕೆ ಬಿಟ್ಟುಬಿಡುವುದು ಸರಿಯಲ್ಲ. ಪುಷ್ಯ-ಮಾಘಗಳ ತಿಥಿಗಳಿಗೆ ಹಲವೊಮ್ಮೆ 79 ಕೂಡಿಸಬೇಕಾಗುತ್ತದೆ. ವರ್ಷ ಗತವೋ ವರ್ತಮಾನವೋ ಎಂಬುದನ್ನೂ ನಿರ್ಧರಿಸಬೇಕಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಬೇರೊಂದಿದೆ. 1582ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಗಣನೆಯನ್ನೇ ಜಾವಾಸ್ಕ್ರಿಪ್ಟ್ ಹಿಂದಿನ ಶತಮಾನಗಳಿಗೂ ಅನ್ವಯಿಸುತ್ತದೆ. ಶಾಸನತಜ್ಞರು ಆ ಕಾಲಕ್ಕೆ ಕೊಡುವ ದಿನಾಂಕಗಳಾದರೋ ಸಾಮಾನ್ಯವಾಗಿ ಜೂಲಿಯನ್ ಗಣನೆಯವು. ಕ್ರಿ.ಶ. 950ರ ವೇಳೆಗೆ ಇವೆರಡರ ಅಂತರ 5 ದಿನ. ಹೀಗಾಗಿ ಸೋಮವಾರವೆಂದು ಸ್ಪಷ್ಟವಾಗಿ ಕೊರೆದಿರುವ ಶಾಸನಕ್ಕೆ ಗಣಕವು ಬೇರೆ ವಾರವನ್ನು ತೋರಿಸುತ್ತದೆ. ವಾರ ಹೊಂದದಿದ್ದರೆ ಶಾಸನವನ್ನೇ ಕೂಟವೆಂದು ಶಂಕಿಸುವುದುಂಟು. ಗಣಕದ ಎಣಿಕೆಗಾಗಿ ಕಲ್ಲನ್ನು ದೂಷಿಸಬಾರದು. ಆದ್ದರಿಂದ ಮೂಲಪಾಠದ ಶಕ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಇದ್ದಂತೆಯೇ ದಾಖಲಿಸಿ, ಪರಿವರ್ತಿತ ದಿನಾಂಕವು ಯಾವ ಗಣನೆಯದೆಂಬುದನ್ನು ನಮೂದಿಸುವುದು ಕಡ್ಡಾಯವಾಗಬೇಕು.